ಬಲಶಾಲಿ ಕಾರಿಗೆ ತಿರುವಿನ ಪಾಠ

ಸಮತಲವಾದ ರಸ್ತೆಯ ತಿರುವಿನಲ್ಲಿ ಮೋಟಾರು ಕಾರೊಂದು ಜಾರದೆ ಎಷ್ಟು ವೇಗದಿಂದ ಸಾಗಬಲ್ಲುದು? ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿಗೂ ಈ ಲೆಕ್ಕ ಕಠಿನವಲ್ಲ. ಕಾರನ್ನು ತಿರುವಿನ ಕೇಂದ್ರದ ಕಡೆಗೆ ಎಳೆದು ಹಿಡಿಯಲು ಬೇಕಾದ ಕೇಂದ್ರಾಭಿಮುಖ ಬಲವು, ಕಾರಿನ ದ್ರವ್ಯರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ತಿರುವಿನ ತ್ರಿಜ್ಯದಿಂದ ಭಾಗಿಸಿದಷ್ಟು. ಅದನ್ನು ಒದಗಿಸತಕ್ಕುದು ಟೈರಿಗೂ ನೆಲಕ್ಕೂ ನಡುವಣ ಘರ್ಷಣೆ. ಅದರ ಪರಮಾವಧಿಯು ಕಾರಿನ ತೂಕವನ್ನು ಘರ್ಷಣಾಂಕದಿಂದ ಗುಣಿಸಿದಷ್ಟು. ಎರಡನ್ನೂ ಸಮೀಕರಿಸಿದೊಡನೆ ದ್ರವ್ಯರಾಶಿಯು ಎರಡು ಪಕ್ಕಗಳಿಂದಲೂ ಹೊಡೆದುಹೋಗುತ್ತದೆ. ಉಳಿಯುವುದು ಘರ್ಷಣಾಂಕ, ಗುರುತ್ವ ಮತ್ತು ತ್ರಿಜ್ಯ ಮಾತ್ರ. ಘರ್ಷಣಾಂಕವು 1, ತ್ರಿಜ್ಯವು 15 ಮೀಟರು ಆಗಿದ್ದರೆ ವೇಗದ ಮಿತಿ ಗಂಟೆಗೆ ಸುಮಾರು 44 ಕಿಲೋಮೀಟರು. ಕಾರು ಆನೆಯಂತಿರಲಿ ಆಡಿನಂತಿರಲಿ, ಮಿತಿ ಅದೇ.

ಪುಸ್ತಕದ ಮಾತು ಇದು. ಆದರೆ ಅಮೆರಿಕದ ಯಾವುದಾದರೊಂದು ಊರಿನಲ್ಲಿ ರಜಾದಿನದ ಬೆಳಗ್ಗೆ ಬರಿದಾದ ವಿಮಾನದ ಹಾದಿಯ ಅಂಚಿನಲ್ಲಿ ನಿಂತು ನೋಡಿದವನಿಗೆ ಬೇರೆಯೇ ನೋಟ ಕಾಣುತ್ತದೆ. ಕಿತ್ತಳೆ ಬಣ್ಣದ ಶಂಕುಗಳ ನಡುವೆ ಹಗುರವಾದ ಪುಟ್ಟ ಕಾರುಗಳು ಮೀನಿನಂತೆ ನುಸುಳಿಹೋಗುತ್ತವೆ. ಅವುಗಳ ಎರಡರಷ್ಟು ಅಶ್ವಶಕ್ತಿಯುಳ್ಳ, 1960ರ ದಶಕದ ಹಳೆಯ ಕಾರು ಗರ್ಜಿಸುತ್ತ ಬಂದು, ಟೈರುಗಳಿಂದ ಚೀತ್ಕಾರ ಹೊರಡಿಸುತ್ತ, ತಿರುವಿನ ಹೊರ ಅಂಚಿಗೆ ಜಾರಿ, ಎರಡು ಮೂರು ಸೆಕೆಂಡು ತಡವಾಗಿ ಮುಟ್ಟುತ್ತದೆ. ಸಮೀಕರಣದಲ್ಲಿ ಹೊಡೆದುಹೋದ ದ್ರವ್ಯರಾಶಿಯು ನೆಲದ ಮೇಲೆ ಎಲ್ಲಿಂದ ಮತ್ತೆ ಬಂದಿತು? ಹಳೆಯ ಕಾರನ್ನು ಈ ಆಟಕ್ಕೆ ಅಣಿಮಾಡುವವರು ಕೈಗೊಳ್ಳುವ ಕೆಲಸಗಳಲ್ಲಿ ಬಹುಪಾಲು ಈ ಒಂದು ಪ್ರಶ್ನೆಗೆ ಕೊಡುವ ಉತ್ತರಗಳೇ ಆಗಿವೆ.

ಮೊದಲು ಆಟದ ಪರಿಚಯ. ಆಟೋಕ್ರಾಸ್ ಎಂಬ ಈ ಕ್ರೀಡೆಗೆ ಬೇಕಾದ ಸಲಕರಣೆ ಅತ್ಯಲ್ಪ: ವಿಶಾಲವಾದ ಡಾಮರು ಅಥವಾ ಕಾಂಕ್ರೀಟು ಬಯಲು, ರಬ್ಬರಿನ ಶಂಕುಗಳು, ಬೆಳಕಿನ ಕಿರಣವು ತುಂಡಾದೊಡನೆ ಸೆಕೆಂಡಿನ ಸಾವಿರದಲ್ಲೊಂದು ಭಾಗದವರೆಗೆ ಕಾಲವನ್ನು ಗುರುತಿಸುವ ಯಂತ್ರ. ಶಂಕುಗಳನ್ನು ಸಾಲಾಗಿ ಇಟ್ಟು ಅಂಕುಡೊಂಕಾದ ಹಾದಿಯನ್ನು ಕಲ್ಪಿಸುತ್ತಾರೆ. ಒಂದು ವೇಳೆಗೆ ಒಂದೇ ಕಾರು ಅಲ್ಲಲ್ಲಿನ ತನ್ನ ಹಾದಿಯಲ್ಲಿ ಓಡುತ್ತದೆ. ಒಬ್ಬರನ್ನೊಬ್ಬರು ಹಿಂದಿಕ್ಕುವ ಮಾತಿಲ್ಲ, ಗಡಿಯಾರವೇ ಎದುರಾಳಿ. ಓಟಕ್ಕೆ ಹಿಡಿಯುವ ಕಾಲ ಸಾಮಾನ್ಯವಾಗಿ ಒಂದು ನಿಮಿಷದೊಳಗೆ. ದಿನವಿಡೀ ಕಾದು ನಿಂತ ಸ್ಪರ್ಧಿಗೆ ದೊರೆಯುವುದು ಅಂಥ ಮೂರೋ ಐದೋ ಓಟಗಳು. ವೇಗವು ಹೆದ್ದಾರಿಯಲ್ಲಿ ಕಾನೂನು ಒಪ್ಪುವ ವೇಗವನ್ನು ಸಾಮಾನ್ಯವಾಗಿ ಮೀರುವುದಿಲ್ಲ. 1944ರಲ್ಲಿ ಹುಟ್ಟಿದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಸಂಸ್ಥೆಯು ಇದನ್ನು 'ಸೋಲೋ' ಎಂಬ ಹೆಸರಿನಲ್ಲಿ ನಡೆಸುತ್ತದೆ. ಅದರ ಮೊದಲ ರಾಷ್ಟ್ರೀಯ ಸ್ಪರ್ಧೆ ನಡೆದದ್ದು 1973ರಲ್ಲಿ. 2009ರಿಂದ ಹಲವು ವರ್ಷ ಈ ಸ್ಪರ್ಧೆಗೆ ನೆಬ್ರಾಸ್ಕ ರಾಜ್ಯದ ಲಿಂಕನ್ ನಗರದ ಹಳೆಯ ವಾಯುಸೇನಾ ನೆಲೆಯ ಕಾಂಕ್ರೀಟು ಬಯಲು ಒದಗಿಬಂದಿತು. ಇಂಗ್ಲೆಂಡಿನಲ್ಲಿ ಇದೇ ಹೆಸರಿನಿಂದ ಕರೆಯಿಸಿಕೊಳ್ಳುವ ಕ್ರೀಡೆಯೊಂದುಂಟು. ಅದು ಹುಲ್ಲುಗಾವಲಿನ ಮೇಲೆ ನಡೆಯುವ ಬೇರೆ ಆಟ.

ಇನ್ನು ಕಾರು. 1960ರ ದಶಕದ ನಡುವೆ ಅಮೆರಿಕದ ಕಾರ್ಖಾನೆಗಳು ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ಕಾರಿನ ಎಂಟು ಸಿಲಿಂಡರುಗಳ ಎಂಜಿನನ್ನು ಇಳಿಸಿ ಮಾರತೊಡಗಿದುವು. 1964ರ ಪಾಂಟಿಯಾಕ್ ಜಿ.ಟಿ.ಓ. ಈ ಬಗೆಯ ಕಾರುಗಳಿಗೆ ಮೇಲ್ಪಂಕ್ತಿ ಎನ್ನುತ್ತಾರೆ. ಜನರು ಇವನ್ನು 'ಮಸ್ಲ್ ಕಾರು' ಎಂದರು. ನಮ್ಮ ಮಾತಿನಲ್ಲಿ ಕಟ್ಟುಮಸ್ತಾದ ಕಾರು ಎನ್ನಬಹುದು. ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಫೋರ್ಡ್ ಕಂಪನಿಯ ಮಸ್ಟಾಂಗ್ ಹೊರಬಂದಿತು. ಮಸ್ಟಾಂಗನ್ನು ಪಂಡಿತರು 'ಪೋನಿ ಕಾರು' ಎಂದು ಬೇರೆ ಪಂಕ್ತಿಯಲ್ಲಿ ಕೂರಿಸುವುದುಂಟು. ಆದರೆ ಜನಬಳಕೆಯು ಈ ಭೇದವನ್ನು ಅಷ್ಟಾಗಿ ಎಣಿಸುವುದಿಲ್ಲ, ಆಟೋಕ್ರಾಸಿನ ಬಯಲಿನಲ್ಲಿ ಎರಡೂ ಒಂದೇ ಗುಂಪಿನಲ್ಲಿ ಸೆಣಸುತ್ತವೆ. ನಾವು ಉದಾಹರಣೆಗಾಗಿ 1965ರ ಮಸ್ಟಾಂಗನ್ನೇ ಹಿಡಿಯೋಣ. 4.7 ಲೀಟರಿನ ಎಂಜಿನು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.74 ಮೀಟರು, ಎಡಬಲ ಚಕ್ರಗಳ ನಡುವೆ 1.42 ಮೀಟರು, ಒಟ್ಟು ಅಗಲ 1.73 ಮೀಟರು. ಚಾಲಕನೂ ಸೇರಿ ತೂಕ 1400 ಕಿಲೋಗ್ರಾಮು ಎಂದಿಟ್ಟುಕೊಳ್ಳೋಣ. ಫಾಲ್ಕನ್ ಎಂಬ ಅಗ್ಗದ ಸಂಸಾರಿ ಕಾರಿನ ಅಂಗಾಂಗಗಳನ್ನೇ ಬಳಸಿ ಕಟ್ಟಿದ ಕಾರು ಇದು. ನೇರವಾದ ರಸ್ತೆಯಲ್ಲಿ ಒಂದು ಕೆಂಪು ದೀಪದಿಂದ ಮುಂದಿನ ಕೆಂಪು ದೀಪದವರೆಗೆ ಠೀವಿಯಿಂದ ಸಾಗುವುದೇ ಇದರ ಹುಟ್ಟುಗುಣ. ತಿರುವು ಎಂಬುದು ನಡುವೆ ಬಂದೊದಗುವ ಅನಾನುಕೂಲ.

ಈಗ ನಮ್ಮ ಒಗಟಿಗೆ ಬರೋಣ.

ಘರ್ಷಣ ಬಲವು ಒತ್ತುಭಾರಕ್ಕೆ ಅನುಪಾತದಲ್ಲಿರುತ್ತದೆ ಎಂಬ ನಿಯಮವನ್ನು 1699ರಲ್ಲಿ ಫ್ರಾನ್ಸಿನ ಗಿಯೋಮ್ ಅಮೊಂತೊನ್ ಪ್ರಕಟಿಸಿದನು. ಮರ, ಲೋಹಗಳಂಥ ಗಡುಸು ಪದಾರ್ಥಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ಎರಡು ಗಡುಸು ವಸ್ತುಗಳು ಒಂದರ ಮೇಲೊಂದು ಕುಳಿತಾಗ ನಿಜವಾಗಿ ತಾಗುವುದು ಕೆಲವು ಸೂಕ್ಷ್ಮವಾದ ಉಬ್ಬುಗಳಲ್ಲಿ ಮಾತ್ರ. ಭಾರ ಹೆಚ್ಚಿದಷ್ಟೂ ಹೊಸ ಉಬ್ಬುಗಳು ತಾಗುತ್ತ, ನಿಜವಾದ ಸ್ಪರ್ಶಕ್ಷೇತ್ರವು ಭಾರದಷ್ಟೇ ಹೆಚ್ಚುತ್ತದೆ. ರಬ್ಬರಿನ ರೀತಿ ಬೇರೆ. ಅದು ಮೆತ್ತಗಿರುವುದರಿಂದ ಸ್ವಲ್ಪ ಭಾರಕ್ಕೇ ನೆಲದ ಸಂದುಗೊಂದುಗಳೊಳಕ್ಕೆ ಇಳಿದುಬಿಡುತ್ತದೆ. ಮತ್ತಷ್ಟು ಭಾರ ಹೇರಿದರೆ ಹಿಡಿತವು ಹೆಚ್ಚುವುದೇನೋ ನಿಜ. ಆದರೆ ಹೇರಿದ ಭಾರದಷ್ಟು ಹೆಚ್ಚುವುದಿಲ್ಲ. ಅಂದರೆ ಟೈರಿನ ಘರ್ಷಣಾಂಕವು ಸ್ಥಿರಸಂಖ್ಯೆಯಲ್ಲ. ಹೊರೆ ಏರಿದಂತೆ ಅದು ಮೆಲ್ಲನೆ ಇಳಿಯುತ್ತದೆ. ದ್ರವ್ಯರಾಶಿಯು ಸಮೀಕರಣದೊಳಗೆ ಮರಳಿ ನುಸುಳಿದ್ದು ಈ ಕಿಂಡಿಯಿಂದಲೇ. ಒಂದೇ ಅಳತೆಯ ಟೈರುಗಳ ಮೇಲೆ ನಿಂತ ಭಾರವಾದ ಕಾರಿಗೆ ಪ್ರತಿಯೊಂದು ಕಿಲೋಗ್ರಾಮಿಗೂ ದೊರೆಯುವ ಹಿಡಿತ ಕಡಿಮೆ.

ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸು ಎಡಕ್ಕೆ ತಿರುಗಿದಾಗ ಪ್ರಯಾಣಿಕರೆಲ್ಲ ಬಲಕ್ಕೆ ವಾಲುವುದನ್ನು ವಾಚಕರು ಬಲ್ಲರು. ಕಾರಿನ ಹಿಡಿತ ನೆಲಮಟ್ಟದಲ್ಲಿದೆ. ಅದರ ಗುರುತ್ವಕೇಂದ್ರವೋ ನೆಲದಿಂದ ಅರ್ಧ ಮೀಟರಿನಷ್ಟು ಮೇಲಿದೆ. ಈ ಎತ್ತರದ ಅಂತರದಿಂದಾಗಿ ತಿರುವಿನಲ್ಲಿ ಒಳಗಿನ ಚಕ್ರಗಳ ಹೊರೆ ಹಗುರಾಗಿ ಹೊರಗಿನ ಚಕ್ರಗಳ ಹೊರೆ ಹೆಚ್ಚುತ್ತದೆ. ಎಷ್ಟು? ತೂಕವನ್ನು ಪಾರ್ಶ್ವ ವೇಗೋತ್ಕರ್ಷದಿಂದಲೂ (ಗುರುತ್ವದ ಭಾಗವಾಗಿ ಎಣಿಸಿದ್ದು) ಗುರುತ್ವಕೇಂದ್ರದ ಎತ್ತರದಿಂದಲೂ ಗುಣಿಸಿ, ಎಡಬಲ ಚಕ್ರಗಳ ಅಂತರದಿಂದ ಭಾಗಿಸಿದಷ್ಟು. ನಮ್ಮ ಮಸ್ಟಾಂಗಿಗೆ, ಗುರುತ್ವದ ಹತ್ತರಲ್ಲಿ ಒಂಬತ್ತು ಪಾಲು ವೇಗೋತ್ಕರ್ಷದಲ್ಲಿ, ಇದು ಸುಮಾರು 444 ಕಿಲೋಗ್ರಾಮು. ನಿಂತಿದ್ದಾಗ ಎರಡು ಪಕ್ಕಗಳೂ 700 ಕಿಲೋಗ್ರಾಮು ಹೊತ್ತಿದ್ದುವು. ತಿರುವಿನಲ್ಲಿ ಹೊರಪಕ್ಕವು 1144, ಒಳಪಕ್ಕವು ಕೇವಲ 256 ಹೊರುತ್ತದೆ.

ಹೊರೆ ಹೀಗೆ ವರ್ಗವಾದರೆ ನಷ್ಟವೇನು, ಒಟ್ಟು ತೂಕ ಅಷ್ಟೇ ಉಳಿಯಿತಲ್ಲ ಎಂದು ಕೇಳಬಹುದು. ಘರ್ಷಣಾಂಕವು ಸ್ಥಿರವಾಗಿದ್ದಿದ್ದರೆ ನಷ್ಟವಿಲ್ಲ. ಆದರೆ 350 ಕಿಲೋಗ್ರಾಮು ಹೊರೆಯಲ್ಲಿ 1 ಇರುವ ಘರ್ಷಣಾಂಕವು 570ಕ್ಕೆ 0.9ಕ್ಕೆ ಇಳಿದು, 130ಕ್ಕೆ 1.08ಕ್ಕೆ ಏರುವುದೆಂದು ಲೆಕ್ಕಕ್ಕಾಗಿ ಊಹಿಸಿಕೊಳ್ಳಿ. ಸಮಭಾರ ಹೊತ್ತ ಜೋಡಿ ಟೈರುಗಳು 700 ಕಿಲೋಗ್ರಾಮಿಗೆ ಸಮನಾದ ಬಲದಿಂದ ನೆಲವನ್ನು ಹಿಡಿಯುತ್ತವೆ. ವಿಷಮಭಾರ ಹೊತ್ತ ಅದೇ ಜೋಡಿಗೆ ದಕ್ಕುವುದು 513ಕ್ಕೆ 140 ಕೂಡಿಸಿ 653 ಮಾತ್ರ. ಹೊರಗಿನ ಟೈರು ಗಳಿಸಿದ್ದು ಒಳಗಿನದು ಕಳೆದುಕೊಂಡದ್ದಕ್ಕಿಂತ ಕಡಿಮೆ. ನೂರಕ್ಕೆ ಸುಮಾರು ಏಳರಷ್ಟು ಹಿಡಿತ ಸುಂಕವಾಗಿ ಸಂದಿತು. ಎತ್ತರವಾಗಿ, ಭಾರವಾಗಿ, ಕಿರಿದಾದ ಟೈರುಗಳ ಮೇಲೆ ನಿಂತಷ್ಟೂ ಸುಂಕ ಹೆಚ್ಚು. ಹಳೆಯ ಕಾರಿನ ದೋಷಗಳ ಪಟ್ಟಿಯನ್ನೇ ಓದಿದಂತಾಯಿತು.

ಹೀಗಿರುವುದರಿಂದ ಸಿದ್ಧತೆಯ ಮೊದಲ ಹೆಜ್ಜೆ ಟೈರು. ತಿಳಿವಳಿಕೆಯಿಲ್ಲದವನು ಮೊದಲು ಎಂಜಿನಿಗೆ ಕೈಹಾಕುತ್ತಾನೆ. ಮಸ್ಟಾಂಗಿಗೆ ಕಾರ್ಖಾನೆಯಲ್ಲಿ ತೊಡಿಸಿದ್ದು ನೂಲುಗಳು ಓರೆಯಾಗಿ ಹೆಣೆದ ಹಳೆಯ ಬಗೆಯ ಕಿರಿದಾದ ಟೈರು. ಅದರ ಗೋಡೆ ಬಾಗಿದೊಡನೆ ತುಳಿಪಟ್ಟಿಯೂ ಸುರುಳಿಗೊಳ್ಳುತ್ತಿತ್ತು. ಇಂದಿನ ರೇಡಿಯಲ್ ಟೈರಿನಲ್ಲಿ ತುಳಿಪಟ್ಟಿಯ ಅಡಿಯಲ್ಲಿ ಉಕ್ಕಿನ ಪಟ್ಟಿಯಿರುವುದರಿಂದ ಅದು ನೆಲದ ಮೇಲೆ ಚಪ್ಪಟೆಯಾಗಿ ಉಳಿಯುತ್ತದೆ. ಟೈರಿನ ಪಕ್ಕದಲ್ಲಿ ಸವೆತವನ್ನು ಸೂಚಿಸುವ ಅಂಕೆಯೊಂದನ್ನು ಅಚ್ಚೊತ್ತಿರುತ್ತಾರೆ: ಅಂಕೆ ಕಡಿಮೆಯಾದಷ್ಟೂ ರಬ್ಬರು ಮೆದು, ಬಾಳಿಕೆ ಕಡಿಮೆ, ಹಿಡಿತ ಹೆಚ್ಚು. 'ಕ್ಲಾಸಿಕ್ ಅಮೆರಿಕನ್ ಮಸ್ಲ್' ಎಂದು ಅಮೆರಿಕದ ಕಾರುಗಳಿಗೆಂದೇ ಏರ್ಪಡಿಸಿದ ವರ್ಗದಲ್ಲಿ ಈ ಅಂಕೆ 200ಕ್ಕಿಂತ ಕೆಳಗಿರಕೂಡದೆಂದು ನಿಯಮವಿದೆ. ಘರ್ಷಣಾಂಕವು 0.8ರಿಂದ 1ಕ್ಕೆ ಏರಿದರೆ ನಮ್ಮ 15 ಮೀಟರಿನ ತಿರುವಿನಲ್ಲಿ ವೇಗವು ಗಂಟೆಗೆ 39ರಿಂದ 44 ಕಿಲೋಮೀಟರಿಗೆ ಏರುತ್ತದೆ. ಐದು ಕಿಲೋಮೀಟರು ಎಂದರೆ ಅಲ್ಪವೆಂದು ತೋರಬಹುದು. ಹಾದಿಯಲ್ಲಿ ಇಂಥ ತಿರುವುಗಳು ಹತ್ತಾರು ಇವೆ.

ಟೈರಿನ ಗಾಳಿಯ ಒತ್ತಡವನ್ನು ನಿರ್ಧರಿಸಲು ಸ್ಪರ್ಧಿಗಳು ಬಳಸುವ ಉಪಾಯ ಬಹು ಸರಳವಾದುದು. ಟೈರಿನ ಭುಜದ ಮೇಲೆ, ತುಳಿಪಟ್ಟಿಯಿಂದ ಗೋಡೆಯವರೆಗೆ, ಸೀಮೆಸುಣ್ಣದಿಂದ ಗೆರೆ ಎಳೆಯುತ್ತಾರೆ. ಓಟ ಮುಗಿದ ಮೇಲೆ ಗೆರೆ ಎಲ್ಲಿಯವರೆಗೆ ಅಳಿಸಿದೆಯೆಂದು ನೋಡಿದರೆ ಟೈರು ಎಷ್ಟು ಮಡಿಸಿಕೊಂಡಿತೆಂಬುದು ತಿಳಿಯುತ್ತದೆ. ಗೋಡೆಯವರೆಗೂ ಅಳಿಸಿದ್ದರೆ ಗಾಳಿ ಸಾಲದು. ಭುಜವನ್ನು ಮುಟ್ಟಿಯೇ ಇಲ್ಲವಾದರೆ ಗಾಳಿ ಹೆಚ್ಚು. ಸಾವಿರಾರು ರೂಪಾಯಿ ಬೆಲೆಯ ಉಪಕರಣ ಹೇಳುವುದನ್ನು ಸುಣ್ಣದ ಕಡ್ಡಿ ಹೇಳಿಬಿಡುತ್ತದೆ.

ಒಳ್ಳೆಯ ಟೈರು ಚಪ್ಪಟೆಯಾಗಿ ನಿಲ್ಲಬೇಕಾದರೆ ಚಕ್ರವು ನೆಟ್ಟಗಿರಬೇಕು. ಹಳೆಯ ಮಸ್ಟಾಂಗಿನ ನಿಜವಾದ ಕೊರತೆ ಇರುವುದು ಇಲ್ಲಿಯೇ. ಇದರ ಮುಂದಿನ ಚಕ್ರವನ್ನು ಮೇಲೊಂದು ಕೆಳಗೊಂದು ತೋಳು ಹಿಡಿದಿವೆ. ತೋಳಿನ ಒಳತುದಿ ಕಾರಿನ ಒಡಲಿಗೂ ಹೊರತುದಿ ಚಕ್ರಕ್ಕೂ ಸೇರಿದೆ. ತಿರುವಿನಲ್ಲಿ ಒಡಲು ಹೊರಕ್ಕೆ ವಾಲಿ ಹೊರಗಿನ ಚಕ್ರದ ಸ್ಪ್ರಿಂಗನ್ನು ಅದುಮುತ್ತದೆ. ಅಂದರೆ ಒಡಲಿಗೆ ಹೋಲಿಸಿದರೆ ಚಕ್ರವು ಮೇಲೇಳುತ್ತದೆ. ಈಗ ವಾಚಕರು ತಮ್ಮ ತೋಳನ್ನೇ ಪಕ್ಕಕ್ಕೆ ಚಾಚಿ ನೋಡಬಹುದು. ಕೈಯನ್ನು ಭುಜಕ್ಕಿಂತ ಕೆಳಗೆ ಹಿಡಿದು ಮೆಲ್ಲನೆ ಎತ್ತುತ್ತ ಬಂದರೆ, ಭುಜದ ಮಟ್ಟ ಮುಟ್ಟುವವರೆಗೆ ಅಂಗೈ ಮೈಯಿಂದ ದೂರ ದೂರ ಸರಿಯುತ್ತದೆ. ಆ ಮಟ್ಟವನ್ನು ದಾಟಿ ಮೇಲೆತ್ತಿದರೆ ಮೈಯ ಕಡೆಗೆ ಬರುತ್ತದೆ. ಮಸ್ಟಾಂಗಿನ ಮೇಲಿನ ತೋಳು ಕಾರ್ಖಾನೆಯಿಂದ ಬರುವಾಗ ಹೊರಕ್ಕೆ ಇಳಿಜಾರಾಗಿರುತ್ತದೆ. ಆದುದರಿಂದ ಚಕ್ರವು ಮೇಲೇಳುತ್ತಿದ್ದಂತೆ ಅದರ ನೆತ್ತಿ ಹೊರಕ್ಕೆ ತಳ್ಳಲ್ಪಡುತ್ತದೆ. ಒಡಲು ಹೊರಕ್ಕೆ ವಾಲಿದ್ದು ಸಾಲದೆಂಬಂತೆ ಚಕ್ರವೂ ಹೊರಕ್ಕೆ ವಾಲಿ, ಟೈರು ತನ್ನ ಹೊರ ಅಂಚಿನ ಮೇಲೆ ಮಾತ್ರ ನಿಲ್ಲುತ್ತದೆ. ಹೆಚ್ಚು ಹೊರೆ ಹೊತ್ತ ಚಕ್ರವೇ ಹೀಗೆ ಕಾಲು ಉಳುಕಿಸಿಕೊಂಡರೆ ಕಾರು ಹೇಗೆ ತಿರುಗೀತು?

ಫೋರ್ಡ್ ಕಂಪನಿಯ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಇದಕ್ಕೆ ಸೂಚಿಸಿದ ಪರಿಹಾರವು ಅಗ್ಗವೂ ಹೌದು, ಜಾಣ್ಮೆಯದೂ ಹೌದು. ಮೇಲಿನ ತೋಳಿನ ಒಳತುದಿಯನ್ನು ಒಡಲಿಗೆ ಬಿಗಿಯುವ ರಂಧ್ರಗಳನ್ನು ಒಂದು ಅಂಗುಲ ಕೆಳಗೆ ಹೊಸದಾಗಿ ಕೊರೆದರೆ ಸಾಕು. ಭುಜ ತಗ್ಗಿತು, ತೋಳಿನ ಇಳಿಜಾರು ಹೋಯಿತು, ಇನ್ನು ಚಕ್ರ ಮೇಲೇಳುವಾಗ ನೆತ್ತಿಯು ಒಳಕ್ಕೆ ಸೆಳೆಯಲ್ಪಟ್ಟು, ಒಡಲಿನ ವಾಲಿಕೆಯನ್ನು ಸ್ವಲ್ಪಮಟ್ಟಿಗೆ ತೊಡೆದುಹಾಕುತ್ತದೆ. ಕ್ಯಾರಲ್ ಶೆಲ್ಬಿ 1965ರಲ್ಲಿ ಮಸ್ಟಾಂಗನ್ನು ತಿದ್ದಿ ಜಿ.ಟಿ. 350 ಎಂಬ ಹೆಸರಿನಿಂದ ಮಾರಿದಾಗ ಈ ಮಾರ್ಪಾಟನ್ನು ಅಳವಡಿಸಿದನು; ಆ ಕಾರು 1965ರಿಂದ 1967ರವರೆಗೆ ಮೂರು ವರ್ಷ ಇದೇ ಕ್ಲಬ್ಬಿನ ರೇಸುಗಳಲ್ಲಿ ತನ್ನ ವರ್ಗದ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. ಮುಂದೆ ಖರ್ಚು ಉಳಿಸುವುದಕ್ಕಾಗಿ ಕಾರ್ಖಾನೆಯವರು ಇದನ್ನು ಕೈಬಿಟ್ಟರೆಂಬುದು ಬೇರೆ ಮಾತು. ಇಂದು ಹಳೆಯ ಮಸ್ಟಾಂಗನ್ನು ತಿರುವಿಗೆ ಅಣಿಮಾಡುವವರು ಮೊದಮೊದಲು ಹಿಡಿಯುವ ಕೆಲಸಗಳಲ್ಲಿ ಈ ರಂಧ್ರಗಳನ್ನು ಕೊರೆಯುವುದೂ ಒಂದು. ನನ್ನ ಮಟ್ಟಿಗೆ ಹೇಳುವುದಾದರೆ, ಮೋಟಾರು ಯಂತ್ರಶಾಸ್ತ್ರದಲ್ಲಿ ಇಷ್ಟು ಕಡಿಮೆ ಲೋಹವನ್ನು ಅಲುಗಿಸಿ ಇಷ್ಟು ಲಾಭ ಪಡೆದ ಉದಾಹರಣೆಗಳು ವಿರಳ.

ವಾಲಿಕೆಯನ್ನು ತಡೆಯಲು ಇನ್ನೊಂದು ಸಾಧನವುಂಟು: ಎಡಬಲ ಚಕ್ರಗಳನ್ನು ಜೋಡಿಸುವ ತಿರುಚುಸರಳು. ಒಂದು ಚಕ್ರ ಮಾತ್ರ ಮೇಲೆದ್ದರೆ ಸರಳು ತಿರುಚಿಕೊಂಡು ಅದನ್ನು ವಿರೋಧಿಸುತ್ತದೆ. ಜಿ.ಟಿ. 350ರಲ್ಲಿ ಮುಂದಿನ ಸರಳು ಒಂದು ಅಂಗುಲ ದಪ್ಪದ್ದು. ಇಲ್ಲಿ ತಪ್ಪು ತಿಳಿವಳಿಕೆಯೊಂದನ್ನು ನಿವಾರಿಸಬೇಕು. ದಪ್ಪ ಸರಳು ವಾಲಿಕೆಯನ್ನು ತಗ್ಗಿಸುತ್ತದೆಯೇ ಹೊರತು ಹೊರೆಯ ವರ್ಗಾವಣೆಯನ್ನು ತಗ್ಗಿಸುವುದಿಲ್ಲ. ಮೇಲಿನ ಲೆಕ್ಕದಲ್ಲಿ ಸ್ಪ್ರಿಂಗಿನ ಮಾತೇ ಬರಲಿಲ್ಲವೆಂಬುದನ್ನು ಗಮನಿಸಿ: ತೂಕ, ಎತ್ತರ, ಅಗಲ, ಇಷ್ಟೇ. ಸರಳುಗಳು ಮಾಡುವುದು ಆ 444 ಕಿಲೋಗ್ರಾಮನ್ನು ಮುಂದಿನ ಜೋಡಿಗೆಷ್ಟು, ಹಿಂದಿನ ಜೋಡಿಗೆಷ್ಟು ಎಂದು ಹಂಚುವ ಕೆಲಸ. ಮುಂದಿನ ಸರಳು ದಪ್ಪಗಾದರೆ ಮುಂದಿನ ಜೋಡಿ ಹೆಚ್ಚು ಸುಂಕ ತೆರುತ್ತದೆ, ಕಾರಿನ ಮೂಗು ತಿರುವಿನಿಂದ ಹೊರಕ್ಕೆ ಜಾರುತ್ತದೆ. ಹಿಂದಿನದು ದಪ್ಪಗಾದರೆ ಬಾಲ ಹೊರಕ್ಕೆ ಬೀಸುತ್ತದೆ. ಎಂಜಿನಿನ ಭಾರದಿಂದ ಮೂಗು ಮೊದಲೇ ಭಾರವಾಗಿರುವ ಈ ಕಾರಿನಲ್ಲಿ ಹಂಚಿಕೆಯ ಹದ ಸಿಕ್ಕುವುದು ಸುಲಭವಲ್ಲ. ಜಿ.ಟಿ. 350ರ ಮೊದಮೊದಲ ಕಾರುಗಳಲ್ಲಿ ಬ್ಯಾಟರಿಯನ್ನು ಮುಂದಿನಿಂದ ತೆಗೆದು ಹಿಂದಿನ ಸಾಮಾನಿನ ಪೆಟ್ಟಿಗೆಯಲ್ಲಿ ಕೂರಿಸಿದ್ದುದು ಈ ಕಾರಣಕ್ಕಾಗಿಯೇ.

ಹಿಂದುಗಡೆ ಇರುವುದು ಲಾರಿಗಳಲ್ಲಿರುವಂಥ ಪಟ್ಟಿ ಸ್ಪ್ರಿಂಗು ಮತ್ತು ಎರಡು ಚಕ್ರಗಳಿಗೂ ಒಂದೇ ಆದ ಗಡುಸು ಅಚ್ಚು. ಎಂಜಿನಿನ ಬಲ ಒಮ್ಮೆಗೇ ಬಿದ್ದರೆ ಅಚ್ಚು ತಿರುಚಿಕೊಂಡು ಪಟ್ಟಿಗಳು ಬಾಗಿ, ಚಕ್ರಗಳು ಕುಪ್ಪಳಿಸತೊಡಗುತ್ತವೆ. ಅಚ್ಚನ್ನು ಒಡಲಿಗೆ ಹಿಡಿದಿಡುವ ಸರಳುಗಳು ಇದಕ್ಕೆ ಮದ್ದು. ಮತ್ತೊಂದು ತೊಡಕು ಡಿಫರೆನ್ಶಿಯಲ್. ಸಾಮಾನ್ಯವಾದ ಡಿಫರೆನ್ಶಿಯಲ್ಲು ಎರಡು ಚಕ್ರಗಳಿಗೂ ಸಮನಾದ ತಿರುಗುಬಲವನ್ನೇ ಕೊಡುತ್ತದೆ. ತಿರುವಿನಲ್ಲಿ ಹಗುರಾದ ಒಳಚಕ್ರವು ಬರಿದೆ ಗಿರಗಿರನೆ ಸುತ್ತಿದರೆ ಹೊರಚಕ್ರಕ್ಕೂ ಅಷ್ಟೇ ಅಲ್ಪ ಬಲ ದೊರೆಯುತ್ತದೆ. ಎರಡು ಚಕ್ರಗಳ ವೇಗ ಬಹಳ ಬೇರೆಯಾಗದಂತೆ ತಡೆಯುವ ಬಗೆಯದನ್ನು ಹಾಕಿದರೆ ಮಾತ್ರ ಎಂಜಿನಿನ ಶಕ್ತಿಯನ್ನು ನೆಲಕ್ಕೆ ಮುಟ್ಟಿಸಬಹುದು.

ಎಂಜಿನಿನ ಶಕ್ತಿಯಾದರೂ ಎಷ್ಟು ಬೇಕು? ಆಟೋಕ್ರಾಸಿನ ಬಹುಭಾಗ ಎರಡನೆಯ ಗೇರಿನಲ್ಲಿ ನಡೆಯುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ 1400 ಕಿಲೋಗ್ರಾಮಿನ ಕಾರಿಗೆ ಗುರುತ್ವದ ಅರ್ಧದಷ್ಟು ವೇಗೋತ್ಕರ್ಷವನ್ನು ಕೊಡಲು ಬೇಕಾದುದು ಸುಮಾರು 155 ಅಶ್ವಶಕ್ತಿ. 40 ಕಿಲೋಮೀಟರಿನಲ್ಲಾದರೆ ನೂರು ಸಾಕು. ಹಿಂದಿನ ಎರಡು ಚಕ್ರಗಳು ಮಾತ್ರ ತಳ್ಳುವ ಕಾರಿನಲ್ಲಿ ಟೈರುಗಳು ಇದಕ್ಕಿಂತ ಬಹಳ ಹೆಚ್ಚನ್ನು ತಾಳಲಾರವು. 1965ರ ಅತಿ ಬಲವಾದ ಮಸ್ಟಾಂಗಿಗೆ 271 ಅಶ್ವಶಕ್ತಿಯೆಂದು ಜಾಹೀರಾತು ಸಾರಿತ್ತು. 1971ರವರೆಗೆ ಅಮೆರಿಕದಲ್ಲಿ ಎಂಜಿನನ್ನು ಕಾರಿನಿಂದ ಹೊರಗಿಟ್ಟು, ಹೊಗೆಕೊಳವೆ ಮೊದಲಾದ ಹೊರೆಗಳಿಲ್ಲದೆ ಅಳೆಯುತ್ತಿದ್ದುದರಿಂದ ಚಕ್ರಕ್ಕೆ ಮುಟ್ಟುವುದು ಅದಕ್ಕಿಂತ ಎಷ್ಟೋ ಕಡಿಮೆ. ಅಷ್ಟಾದರೂ ಈ ಬಯಲಿಗೆ ಅದು ಸಾಕು.

ಎಂಜಿನಿಗೆ ಶಕ್ತಿ ತುಂಬುವುದಕ್ಕಿಂತ ಅದರ ಪ್ರಾಣವನ್ನು ಕಾಯುವುದು ಮುಖ್ಯ. ಚೊಂಬಿನಲ್ಲಿ ನೀರು ತುಂಬಿ ಗಾಡಿಯಲ್ಲಿ ಹಿಡಿದು ಕುಳಿತವರಿಗೆ ತಿರುವಿನಲ್ಲಿ ನೀರಿನ ಮೇಲ್ಮೈ ಓರೆಯಾಗುವುದು ಗೊತ್ತು. ಪಾರ್ಶ್ವ ವೇಗೋತ್ಕರ್ಷವು ಗುರುತ್ವಕ್ಕೆ ಸಮನಾದಾಗ ಆ ಓರೆ ಸರಿಯಾಗಿ 45 ಡಿಗ್ರಿ. ಎಂಜಿನಿನ ತಳದ ತೊಟ್ಟಿಯಲ್ಲಿರುವ ಎಣ್ಣೆಯ ಗತಿಯೂ ಅದೇ. ಎಣ್ಣೆಯೆಲ್ಲ ಒಂದು ಗೋಡೆಗೆ ಏರಿ ನಿಂತಾಗ ಪಂಪಿನ ಬಾಯಿ ಗಾಳಿಯನ್ನು ಹೀರುತ್ತದೆ. ಎಂಜಿನು ಅತಿ ವೇಗದಿಂದ ತಿರುಗುತ್ತಿರುವಾಗಲೇ ಬೇರಿಂಗುಗಳಿಗೆ ಎಣ್ಣೆ ತಪ್ಪಿದರೆ ಅವು ಸುಟ್ಟುಹೋಗಲು ಬಹಳ ಹೊತ್ತು ಬೇಡ. ಹಳೆಯ ಕಾಲದ ಕಿರಿದಾದ ಟೈರುಗಳು ಇಷ್ಟು ಹಿಡಿತ ಕೊಡುತ್ತಲೇ ಇರಲಿಲ್ಲವಾದುದರಿಂದ ತೊಟ್ಟಿಯನ್ನು ರೂಪಿಸಿದವರು ಇದನ್ನು ಯೋಚಿಸಬೇಕಾಗಿರಲಿಲ್ಲ. ಒಳ್ಳೆಯ ಟೈರು ಹಾಕಿದೊಡನೆ ತೊಟ್ಟಿಯೊಳಗೆ ಅಡ್ಡತಡಿಕೆಗಳೂ ಬೇಕಾಗುತ್ತವೆ. ಕಾರ್ಬ್ಯುರೇಟರಿನ ಪೆಟ್ರೋಲು ಬಟ್ಟಲಿಗೂ ಇದೇ ಕಷ್ಟ. ಉದ್ದವಾದ ತಿರುವಿನ ನಡುವೆ ಎಂಜಿನು ಉಸಿರು ಕಟ್ಟಿದಂತೆ ಕೆಮ್ಮಿದರೆ ಕಾರಣ ಬಹುಶಃ ಅದೇ.

ಸ್ಟೀರಿಂಗನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿಸಲು ಕಾರ್ಖಾನೆಯ ಸಾಧಾರಣ ಮಸ್ಟಾಂಗಿನಲ್ಲಿ ನಾಲ್ಕೂವರೆ ಸುತ್ತು ಬೇಕು. ಶಂಕುಗಳ ಸಾಲಿನಲ್ಲಿ ಇದು ಬಾವಿಯಿಂದ ನೀರು ಸೇದಿದ ಹಾಗಾಗುತ್ತದೆ. ಆದುದರಿಂದ ಚುರುಕಾದ ಸ್ಟೀರಿಂಗ್ ಪೆಟ್ಟಿಗೆ ಬೇಕು. ಬ್ರೇಕಿನ ವಿಷಯ ಚಿಕ್ಕದು. ಓಟ ಒಂದು ನಿಮಿಷದ್ದಾದುದರಿಂದ ಡ್ರಮ್ಮುಗಳು ಕಾದು ಸೋಲುವ ಭಯ ಕಡಿಮೆ, ಆದರೆ ಎಡಬಲಗಳು ಸಮನಾಗಿ ಹಿಡಿಯದೆ ಕಾರು ಪಕ್ಕಕ್ಕೆ ಎಳೆಯುವುದುಂಟು. ಮುಂದುಗಡೆ ಡಿಸ್ಕ್ ಬ್ರೇಕು ಹಾಕಿದರೆ ತೀರಿತು.

ಓಟಕ್ಕೆ ಮುನ್ನ ಪ್ರತಿಯೊಂದು ಕಾರನ್ನೂ ಪರೀಕ್ಷಿಸುತ್ತಾರೆ. ಚಕ್ರವನ್ನು ಎರಡು ಕೈಯಿಂದ ಹಿಡಿದು ಅಲ್ಲಾಡಿಸಿ ಬೇರಿಂಗು ಸಡಿಲವೇ ಎಂದು ನೋಡುತ್ತಾರೆ, ಬ್ಯಾಟರಿಯನ್ನು ಎಳೆದು ನೋಡುತ್ತಾರೆ, ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗುತ್ತಾರೆ. ಅರುವತ್ತು ವರ್ಷದ ಕಾರಿಗೆ ಇದು ಹೆಸರಿಗೆ ಮಾತ್ರದ ವಿಧಿಯಲ್ಲ. ಎಲ್ಲಕ್ಕಿಂತ ಮುಖ್ಯವಾದುದು ವೇಗದ ಪೆಡಲನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು. ಪೆಡಲಿನಿಂದ ಕಾರ್ಬ್ಯುರೇಟರಿನವರೆಗೆ ಹೋಗುವ ಸರಳುಗಳ ಕೀಲುಗಳು ತುಕ್ಕು ಹಿಡಿದು ತೆರೆದ ಸ್ಥಿತಿಯಲ್ಲಿಯೇ ಸಿಕ್ಕಿಕೊಂಡರೆ, ಮುಂದಿನ ತಿರುವು ಮೂವತ್ತು ಮೀಟರು ದೂರದಲ್ಲಿರುವಾಗ, ಆಗುವುದೇನೆಂದು ಹೇಳಬೇಕಾಗಿಲ್ಲ. ಇಲ್ಲಿ ಒಂದರ ಬದಲು ಎರಡು ಸ್ಪ್ರಿಂಗು ಹಾಕುವುದೇ ಲೇಸು. 1965ರ ಆಸನಗಳಿಗೆ ಪಕ್ಕದ ಆಸರೆಯಿಲ್ಲವಾದುದರಿಂದ ಚಾಲಕನು ಸ್ಟೀರಿಂಗನ್ನೇ ಹಿಡಿದು ನೇತಾಡುವಂತಾಗುತ್ತದೆ. ನೇತಾಡುವ ಕೈ ಸೂಕ್ಷ್ಮವಾಗಿ ತಿರುಗಿಸಲಾರದು. ಆದುದರಿಂದ ಬಿಗಿಯಾದ ನಡುಪಟ್ಟಿಯೂ ಮೈಯನ್ನು ಹಿಡಿದಿಡುವ ಆಸನವೂ ಹಿಡಿತದ ಸಾಧನಗಳೇ.

ಇನ್ನು ನಡೆಸುವ ಬಗೆ. ಬೆಳಗ್ಗೆ ಸ್ಪರ್ಧಿಗಳೆಲ್ಲರೂ ಹಾದಿಯನ್ನು ಕಾಲ್ನಡಿಗೆಯಲ್ಲಿ ಎರಡು ಮೂರು ಸಲ ಸುತ್ತುತ್ತಾರೆ. ಮುನ್ನೂರು ಶಂಕುಗಳ ನಡುವೆ ಎಲ್ಲಿ ಬ್ರೇಕು, ಎಲ್ಲಿ ತಿರುವು ಎಂದು ಕಂಠಪಾಠವಾಗದಿದ್ದರೆ ಓಟದ ವೇಳೆಯಲ್ಲಿ ಎಲ್ಲವೂ ಕಿತ್ತಳೆ ಬಣ್ಣದ ಸಮುದ್ರವಾಗಿ ಕಾಣುತ್ತದೆ. ಚಾಲಕನ ಕಣ್ಣು ಮುಂದಿನ ಶಂಕುವಿನ ಮೇಲಲ್ಲ, ಅದರಾಚೆಯ ಒಂದೆರಡರ ಮೇಲೆ ಇರಬೇಕು.

ಹೊರೆಯು ಒಂದು ಚಕ್ರದಿಂದ ಇನ್ನೊಂದಕ್ಕೆ ಸರಿಯಲು ಕಾಲ ಬೇಕು. ಭಾರವಾದ ಕಾರಿಗೆ ಮತ್ತಷ್ಟು ಬೇಕು. ಸ್ಟೀರಿಂಗನ್ನು ಝಾಡಿಸಿ ತಿರುಗಿಸಿದರೆ ಮುಂದಿನ ಟೈರು ಹೊರೆ ಬರುವ ಮೊದಲೇ ತಿರುಗಿ, ಹಿಡಿಯಲಾರದೆ ಜಾರುತ್ತದೆ. ಆದುದರಿಂದ ಹಳೆಯ ಕಾರಿನ ಚಾಲಕನು ನೇರದಲ್ಲಿಯೇ ಬ್ರೇಕನ್ನು ಒತ್ತಿ ಮೂಗಿನ ಮೇಲೆ ಹೊರೆಯನ್ನು ತರಿಸಿ, ಬ್ರೇಕನ್ನು ಮೆಲ್ಲಮೆಲ್ಲನೆ ಬಿಡುತ್ತ ಅದರೊಡನೆಯೇ ಸ್ಟೀರಿಂಗನ್ನು ತಿರುಗಿಸುತ್ತಾನೆ. ಟೈರಿಗೆ ಇರುವುದು ಒಂದೇ ಬೊಕ್ಕಸ. ಬ್ರೇಕಿಗೆ ಕೊಟ್ಟದ್ದು ತಿರುವಿಗಿಲ್ಲ, ತಿರುವಿಗೆ ಕೊಟ್ಟದ್ದು ವೇಗಕ್ಕಿಲ್ಲ. ತಿರುವಿನಿಂದ ಹೊರಡುವಾಗಲೂ ಹಾಗೆಯೇ: ಸ್ಟೀರಿಂಗು ನೆಟ್ಟಗಾದಷ್ಟು ಮಾತ್ರ ಪೆಡಲನ್ನು ಒತ್ತಬೇಕು. ಕಾಲು ಅವಸರಪಟ್ಟರೆ ಹಿಂದಿನ ಚಕ್ರಗಳು ಸುತ್ತಿ ಬಾಲ ಮುಂದಕ್ಕೆ ಬರುತ್ತದೆ. ಪ್ರೇಕ್ಷಕರು ಚಪ್ಪಾಳೆ ತಟ್ಟುವುದು ಆಗಲೇ, ಗಡಿಯಾರ ನಗುವುದೂ ಆಗಲೇ.

ಸಾಲಾಗಿ ನೆಟ್ಟ ಶಂಕುಗಳನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಳಸಿ ಹೋಗುವ ಭಾಗಕ್ಕೆ 'ಸ್ಲಾಲಮ್' ಎಂದು ಹೆಸರು. ಕಾರಿನ ಗುರುತ್ವಕೇಂದ್ರವು ಇಲ್ಲಿ ಸುಮಾರಾಗಿ ಸೈನ್ ವಕ್ರರೇಖೆಯನ್ನು ಬರೆಯುತ್ತದೆ. ಶಂಕುಗಳ ಅಂತರವನ್ನು ಪೈ ಸಂಖ್ಯೆಯಿಂದ ಭಾಗಿಸಿ, ಅದನ್ನು ಪಾರ್ಶ್ವ ವೇಗೋತ್ಕರ್ಷಕ್ಕೂ ವಕ್ರರೇಖೆಯ ಪಾರಕ್ಕೂ ಇರುವ ನಿಷ್ಪತ್ತಿಯ ವರ್ಗಮೂಲದಿಂದ ಗುಣಿಸಿದರೆ ವೇಗದ ಮಿತಿ ಬರುತ್ತದೆ. ಪಾರವೆಂದರೆ ನಡುಗೆರೆಯಿಂದ ಕಾರು ಪಕ್ಕಕ್ಕೆ ಸರಿಯುವ ಗರಿಷ್ಠ ದೂರ. ಅಂತರ 18 ಮೀಟರು, ವೇಗೋತ್ಕರ್ಷ ಸೆಕೆಂಡು ಸೆಕೆಂಡಿಗೆ 9 ಮೀಟರು, ಪಾರ 1.2 ಮೀಟರು ಆದರೆ ವೇಗ ಗಂಟೆಗೆ 56 ಕಿಲೋಮೀಟರು. ಪಾರವನ್ನು 1 ಮೀಟರಿಗೆ ಇಳಿಸಿದರೆ 62. ಕಾರಿನ ಅರ್ಧ ಅಗಲವೇ 87 ಸೆಂಟಿಮೀಟರು ಇರುವುದರಿಂದ, ಮೊದಲನೆಯ ಚಾಲಕನು ಶಂಕುವಿನಿಂದ 33 ಸೆಂಟಿಮೀಟರು ದೂರದಲ್ಲಿ ಹೋದನು, ಎರಡನೆಯವನು 13 ಸೆಂಟಿಮೀಟರು ದೂರದಲ್ಲಿ. ಒಂದು ಗೇಣಿನಷ್ಟು ಧೈರ್ಯಕ್ಕೆ ಸಿಕ್ಕ ಲಾಭ ಗಂಟೆಗೆ ಆರು ಕಿಲೋಮೀಟರು. ಇದನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗುವುದಿಲ್ಲ. ಧೈರ್ಯ ಅತಿಯಾದರೆ ದಂಡವೂ ಉಂಟು: ಉರುಳಿದ ಪ್ರತಿಯೊಂದು ಶಂಕುವಿಗೂ ಎರಡು ಸೆಕೆಂಡು. ಪ್ರತಿ ಶಂಕುವಿನ ಬುಡದ ಸುತ್ತ ನೆಲದ ಮೇಲೆ ಗೆರೆ ಬರೆದಿರುತ್ತಾರೆ. ಕಾರು ತಾಗಿದರೂ ಶಂಕು ನೆಟ್ಟಗೆ ನಿಂತು ಅದರ ಬುಡವು ಗೆರೆಯ ಚೌಕವನ್ನು ಎಲ್ಲಿಯಾದರೂ ಮುಟ್ಟುತ್ತಿದ್ದರೆ ದಂಡವಿಲ್ಲ.

ಹಾಗೆ ಮುಟ್ಟುತ್ತಿದೆಯೇ ಎಂದು ಓಡಿಹೋಗಿ ನೋಡುವವರು ಸಂಬಳದ ಸೇವಕರಲ್ಲ, ಇತರ ಸ್ಪರ್ಧಿಗಳೇ. ತನ್ನ ಗುಂಪಿನ ಓಟಗಳು ಮುಗಿದ ಮೇಲೆ, ಇಲ್ಲವೆ ಅವಕ್ಕೆ ಮುನ್ನ, ಪ್ರತಿಯೊಬ್ಬರೂ ಹಾದಿಯ ಪಕ್ಕದಲ್ಲಿ ನಿಂತು, ಬಿದ್ದ ಶಂಕುಗಳನ್ನು ಅವುಗಳ ಚೌಕದೊಳಗೆ ಮರಳಿ ನಿಲ್ಲಿಸಬೇಕು. ಬಿಸಿಲಿನಲ್ಲಿ ಬೇಸರದ ಕೆಲಸವೆಂದು ಹಲವರು ಗೊಣಗುವುದುಂಟು. ಆದರೆ ಒಳಗೆ ಕುಳಿತವರಿಗೆ ಎಂದೂ ಕಾಣದಿರುವುದು ಕಾಣುವುದು ಇಲ್ಲಿಂದಲೇ: ಹೊರಗಿನ ಟೈರಿನ ಭುಜ ಮಡಿಸಿಕೊಂಡು ಸುಣ್ಣದ ಗೆರೆಯನ್ನು ಒರಸುವುದು, ಚಕ್ರದ ನೆತ್ತಿ ಎತ್ತ ವಾಲಿತೆಂಬುದು, ಒಳಗಿನ ಮುಂದಿನ ಚಕ್ರ ಹಗುರಾಗಿ, ಅದರಡಿಯಲ್ಲಿ ಒಂದು ಕ್ಷಣ ಬೆಳಕಿನ ಗೆರೆ ಮೂಡಿ ಮಾಯವಾಗುವುದು.